ಭೂತವಿದ್ಯುತ್ತೂ ದೇವರನಾಮವೂ

ನಮ್ಮ ಅಕ್ಕನ ಕಂಠ ಚಿಕ್ಕದು. ಚಿಕ್ಕದೆಂದರೆ ಶ್ರುತಿಗೆ ನಿಲ್ಲದೆಂದಲ್ಲ. ನಡುಮನೆಯಲ್ಲಿ ಕುಳಿತು ಹಾಡಿದರೆ ಅಡುಗೆಮನೆಗೆ ಕೇಳಿಸುತ್ತದೆ, ಹಿತ್ತಲಿಗೆ ಕೇಳಿಸುವುದಿಲ್ಲ, ಅಷ್ಟೇ. 1968ರ ಸುಮಾರಿನಲ್ಲಿ ಅವಳು ಬೆಂಗಳೂರಿನ ಆಕಾಶವಾಣಿಯಲ್ಲಿ ಒಮ್ಮೆ ಎರಡು ದೇವರನಾಮಗಳನ್ನು ಹಾಡಿ ಬಂದಿದ್ದಳು. ಅಲ್ಲಿನ ಮೈಕು ಒಂದು ಮೊಳ ದೂರದಲ್ಲಿ ನಿಂತಿತ್ತೆಂದೂ, ಯಾರೊಬ್ಬರೂ ತನ್ನನ್ನು “ಇನ್ನೂ ಜೋರಾಗಿ” ಎನ್ನಲಿಲ್ಲವೆಂದೂ ಇಂದಿಗೂ ಹೇಳುತ್ತಾಳೆ. ಆ ಮೇಲೆ ನಮ್ಮ ಕನಕಪುರದ ಸಭೆಗಳಲ್ಲಿ ಅವಳು ಹಾಡಲು ಕುಳಿತಾಗಲೆಲ್ಲ ಯಾರಾದರೊಬ್ಬರು ಬಂದು ಮೈಕನ್ನು ಅವಳ ತುಟಿಗೇ ಒತ್ತಿ ನಿಲ್ಲಿಸುತ್ತಿದ್ದರು. “ಬಾಯಿಗೆ ಚಿಗುಳಿಯುಂಡೆ ತುರುಕಿದ ಹಾಗಾಗುತ್ತೆ ಕಣೋ,” ಎಂದವಳು ಕ್ರಮೇಣ ಸಭೆಯಲ್ಲಿ ಹಾಡುವುದನ್ನೇ ಬಿಟ್ಟಳು. ಹೀಗೆ ಮೂವತ್ತು ವರ್ಷಗಳು ಸಂದುವು. ಅವಳ ಮಗ, ನನ್ನ ಸೋದರಳಿಯ, ತಾಯಿ ನಾಲ್ಕು ಜನರೆದುರು ಹಾಡಿದ್ದನ್ನು ಕಂಡವನೇ ಅಲ್ಲ.

ಕಳೆದ ನವರಾತ್ರಿಗೆ ಆ ಹುಡುಗ ಬೆಂಗಳೂರಿನಿಂದ ಬರುವಾಗ ಒಂದು ಪೆಟ್ಟಿಗೆ ಹೊತ್ತು ತಂದ. ಅದರೊಳಗೆ ನಾಲ್ಕು ಕಂಡೆನ್ಸರ್ ಮೈಕುಗಳು, ಜೊತೆಗೊಂದು ಮಿಕ್ಸರ್. ಮಿಕ್ಸರ್ ಎಂದೊಡನೆ ನನ್ನ ಹೆಂಡತಿ ಉತ್ಸಾಹದಿಂದ ಎದ್ದುಬಂದವಳು, ಚಟ್ನಿ ಅರೆಯುವ ಜಾರು ಕಾಣದೆ ನಿಟ್ಟುಸಿರಿಟ್ಟು ಒಳಗೆ ಹೋದಳು. ಅದು ಗುಂಡಿಗಳೂ ಜಾರುಹಿಡಿಗಳೂ ತುಂಬಿದ ಒಂದು ಮಣೆ. ಹಲವು ಮೈಕುಗಳ ಧ್ವನಿಯನ್ನು ಬೇಕಾದ ಪ್ರಮಾಣದಲ್ಲಿ ಬೆರೆಸಿ ಒಂದಾಗಿ ಸ್ಪೀಕರಿಗೆ ಕಳುಹಿಸುವುದು ಅದರ ಕೆಲಸ.

ಕಂಡೆನ್ಸರ್ ಮೈಕಿನ ವಿಚಾರವನ್ನು ಅವನು ನನಗೆ ಕಾಫಿ ಆರುವಷ್ಟು ಹೊತ್ತು ವಿವರಿಸಿದ. ನಮ್ಮ ಸಭೆಗಳಲ್ಲಿ ಕಾಣುವ ಸಾಮಾನ್ಯ ಮೈಕಿನಲ್ಲಿ ಅಯಸ್ಕಾಂತದ ನಡುವೆ ತಂತಿಯ ಸುರುಳಿಯೊಂದು ಅಲ್ಲಾಡಬೇಕು. ಆ ಸುರುಳಿಯ ಭಾರವನ್ನು ಧ್ವನಿಯೇ ಹೊರಬೇಕು. ಕಂಡೆನ್ಸರಿನಲ್ಲಿಯಾದರೋ ಕೂದಲೆಳೆಗಿಂತ ತೆಳುವಾದ ಪೊರೆ, ಅದರ ಹಿಂದೆ ಒಂದು ಲೋಹದ ತಟ್ಟೆ. ಪೊರೆ ನಡುಗಿದಂತೆ ಎರಡರ ನಡುವಣ ಅಂತರ ಬದಲಾಗಿ, ಅದರೊಡನೆ ವಿದ್ಯುತ್ತೂ ಏರಿಳಿಯುತ್ತದೆ. ಹೊರಲು ಭಾರವಿಲ್ಲದ್ದರಿಂದ ಉಸಿರಿನ ಎಳೆಯೂ ಅದಕ್ಕೆ ತಿಳಿಯುತ್ತದೆ. ಅಮೆರಿಕದ ವೆಂಟೆ ಎಂಬಾತ ಇದನ್ನು ರೂಪಿಸಿದ್ದು 1916ರಲ್ಲಿ. ಬರ್ಲಿನ್ನಿನ ಜಾರ್ಜ್ ನಾಯ್‌ಮನ್ 1928ರಲ್ಲಿ ಮಾರಾಟಕ್ಕೆ ತಯಾರಿಸಿದ್ದು ಸೀಸೆಯ ಗಾತ್ರದ್ದು. 1962ರಲ್ಲಿ ಸೆಸ್ಲರ್ ಮತ್ತು ವೆಸ್ಟ್ ಎಂಬ ವಿಜ್ಞಾನಿಗಳು ವಿದ್ಯುದಂಶವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುವ ಪೊರೆಯನ್ನು ಕಂಡುಹಿಡಿದರು; ಇಂದು ಬೆರಳಿನಷ್ಟು ಸಣ್ಣ ಮೈಕುಗಳು ಸಾಧ್ಯವಾಗಿರುವುದು ಅದರಿಂದಾಗಿ.

“ಆದರೆ ಮಾವ, ಇದಕ್ಕೆ 48 ವೋಲ್ಟ್ ಬೇಕು. ಹಾಡು ಇಳಿದು ಬರುವ ತಂತಿಯಲ್ಲೇ ಅದು ಮಿಕ್ಸರಿನಿಂದ ಮೈಕಿಗೆ ಹತ್ತಿ ಹೋಗುತ್ತೆ. ಬೇರೆ ತಂತಿ ಕಣ್ಣಿಗೆ ಕಾಣೋದಿಲ್ಲ, ಅದಕ್ಕೇ ಫ್ಯಾಂಟಮ್ ಪವರ್ ಅಂತ ಹೆಸರು.”

ಫ್ಯಾಂಟಮ್ ಎಂದರೇನೆಂದು ಅಕ್ಕ ಕೇಳಿದಳು. ಭೂತವೆಂದೆ. “ದೇವರನಾಮಕ್ಕೆ ಭೂತದ ಸಹಾಯವೇ?” ಎಂದು ನಕ್ಕಳು. ಆದರೂ ಮಗನ ಮುಖ ನೋಡಿ, ಮೊದಲ ಸಂಜೆಯೇ ಹಾಡಲು ಒಪ್ಪಿದಳು.

ಆ ಸಂಜೆಯ ಕಥೆಯನ್ನು ಬರೆಯಲು ಈಗಲೂ ಸಂಕೋಚವಾಗುತ್ತದೆ. ಪೇಟೆಯ ಸಮುದಾಯ ಭವನ ತುಂಬಿತ್ತು. ವೇದಿಕೆ ಭರ್ಜರಿಯಾಗಿ ಕಾಣಲೆಂದು ಅಳಿಯ ಎರಡು ದೊಡ್ಡ ಸ್ಪೀಕರುಗಳನ್ನು ಹಾಡುವವರ ಬೆನ್ನ ಹಿಂದೆಯೇ ಇರಿಸಿದ್ದ. ಮೈಕುಗಳು ನಾಲ್ಕೂ ಸಾಲಾಗಿ ನಿಂತಿದ್ದುವು. ಅಕ್ಕ ಬಾಯಿ ತೆರೆದಳು, ಸದ್ದಿಲ್ಲ. ಭೂತದ ಗುಂಡಿ ಒತ್ತಲು ಹುಡುಗ ಮರೆತಿದ್ದ. ನೆನಪಾದೊಡನೆ, ಧ್ವನಿಯನ್ನು ಇಳಿಸದೆಯೇ ಒತ್ತಿಬಿಟ್ಟ. ಢಮ್ಮೆಂದ ಸದ್ದಿಗೆ ತೊಟ್ಟಿಲಿನ ಕೂಸೊಂದು ಕಿರುಚಿಕೊಂಡಿತು. ಮುಂದೆ ಎಲ್ಲವೂ ಕೇಳತೊಡಗಿತು, ಅಕ್ಕನ ಹಾಡೊಂದನ್ನು ಬಿಟ್ಟು: ಫ್ಯಾನಿನ ಗಾಳಿ, ಬಳೆಗಳ ಸದ್ದು, ಹೊರಗೆ ಬೆಂಗಳೂರು ಬಸ್ಸಿನ ಹಾರನ್ನು. ಹಿಂದೆ ತಂಬೂರಿ ಮೀಟುತ್ತಿದ್ದ ನನ್ನ ಹೆಂಡತಿ ಪಕ್ಕದವರ ಕಿವಿಯಲ್ಲಿ, “ಇವತ್ತಿನ ಕೇಸರೀಬಾತಿಗೆ ತುಪ್ಪ ತೋರಿಸಿ ತೆಗೆದಿದ್ದಾರೆ,” ಎಂದು ಪಿಸುಗುಟ್ಟಿದ್ದು ಸಮಸ್ತ ಸಭೆಗೂ ಸ್ಫುಟವಾಗಿ ಕೇಳಿಸಿತು. ಪ್ರಸಾದದ ಸೇವಾಕರ್ತರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದರು.

ಅಕ್ಕನ ಧ್ವನಿ ಸಾಲದೆಂದು ಹುಡುಗ ಮಿಕ್ಸರಿನ ಹಿಡಿಯನ್ನು ಮೇಲಕ್ಕೆ ಒತ್ತಿದ. ಆಗ ಹೊರಟಿತು ನೋಡಿ, ಕಿವಿಯನ್ನು ಸೀಳುವ ಕೂಗು! ಅಕ್ಕ ಚರಣದ ಮಧ್ಯದಲ್ಲಿಯೇ ನಿಲ್ಲಿಸಿ, ಎರಡು ಕಿವಿಗಳನ್ನೂ ಮುಚ್ಚಿಕೊಂಡು ಎದ್ದುಬಂದಳು. ಮನೆಗೆ ಬಂದು ಸೆರಗಿನಿಂದ ಮುಖವೊರಸಿಕೊಂಡು, “ನಾಳೆಯಿಂದ ನಾನು ಕೇಳೋವಳು, ಹಾಡೋವಳಲ್ಲ,” ಎಂದಳು. ಅವಳಿಗೀಗ 78. ಆ ಮಾತಿಗೆ ಎಂಥ ತೂಕವಿದೆಯೆಂಬುದು ಹುಡುಗನಿಗೂ ಗೊತ್ತಿತ್ತು. ಅವನು ಊಟಕ್ಕೆ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ನಾನೇ ಊರಿನ ಮೈಕ್‌ಸೆಟ್ಟಿನ ಯಜಮಾನರ ಬಳಿಗೆ ಹೋದೆ. ಮದುವೆ, ಜಾತ್ರೆ, ಚುನಾವಣೆಗಳಲ್ಲಿ ತಲೆ ನರೆತವರು. ಹೊಸ ಮೈಕು ತಂದು ತಮ್ಮ ಹೊಟ್ಟೆಯ ಮೇಲೆ ಹೊಡೆದರೆಂದು ಮುನಿದಾರೋ ಎಂದು ಅಳುಕಿದ್ದೆ. ಅವರು ಬಂದು, ಮೈಕನ್ನು ಮಗುವಿನಂತೆ ಕೈಗೆತ್ತಿಕೊಂಡು ನೋಡಿ, “ಒಳ್ಳೆ ಮಾಲು ಮೇಷ್ಟ್ರೇ. ಮೈಕಿಗೆ ಯಾಕೆ ಬೈತೀರಿ? ದೂರಕ್ಕೆ ಬೈಯಿರಿ,” ಎಂದರು.

ಅವರ ಮಾತಿನ ಅರ್ಥವಿಷ್ಟು. ಬಾಯಿಗೂ ಮೈಕಿಗೂ ಇರುವ ದೂರ ಇಮ್ಮಡಿಯಾದರೆ ಮೈಕನ್ನು ಮುಟ್ಟುವ ಧ್ವನಿಯ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಆ ಕೊರತೆಯನ್ನು ಮಿಕ್ಸರಿನಲ್ಲಿ ತುಂಬಹೊರಟರೆ ಸುತ್ತಲಿನ ಸದ್ದೂ ಅಷ್ಟೇ ಏರುತ್ತದೆ. ಸ್ಪೀಕರಿನಿಂದ ಹೊರಟದ್ದು ಮೈಕಿಗೆ ಹೊಕ್ಕು, ಮತ್ತೆ ಸ್ಪೀಕರಿಗೆ ಹೋಗಿ, ಸುತ್ತಿ ಸುತ್ತಿ ಕೂಗಾಗುತ್ತದೆ. ಕಂಡೆನ್ಸರ್ ಮೈಕು ತಾನಾಗಿ ಕೂಗುವುದಿಲ್ಲ. ಅದು ದೂರದಿಂದಲೂ ಹಿಡಿಯುತ್ತದೆಂಬ ಭರವಸೆಯಿಂದ ನಾವು ದೂರವಿಡುತ್ತೇವೆ, ಅದೇ ತಪ್ಪು. ಸ್ಟುಡಿಯೋದಲ್ಲಿ ಒಂದು ಮೊಳ ನಡೆದೀತು, ಅಲ್ಲಿ ಎದುರಿಗೆ ಸ್ಪೀಕರಿರುವುದಿಲ್ಲ.

ಅವರು ಮೊದಲು ಮಾಡಿದ್ದು ಕಳೆಯುವ ಕೆಲಸ. ನಾಲ್ಕು ಮೈಕುಗಳಲ್ಲಿ ಎರಡನ್ನು ಪೆಟ್ಟಿಗೆಗೆ ಹಿಂದಿರುಗಿಸಿದರು. ತೆರೆದ ಮೈಕು ಹೆಚ್ಚಿದಷ್ಟೂ ಕೂಗು ಹತ್ತಿರವಂತೆ. ಸ್ಪೀಕರುಗಳನ್ನು ವೇದಿಕೆಯ ಮುಂದಕ್ಕೆ ತಂದು ಸಭಿಕರತ್ತ ತಿರುಗಿಸಿದರು. ಆ ಮೈಕು ಮುಂದಿನದನ್ನು ಕೇಳುವಷ್ಟು ಹಿಂದಿನದನ್ನು ಕೇಳುವುದಿಲ್ಲ, ಆದ್ದರಿಂದ ಅದರ ಬೆನ್ನು ಸ್ಪೀಕರಿನತ್ತ. ವೇದಿಕೆಯ ಮೇಲಿನ ಫ್ಯಾನು ಬಂದ್. ಫ್ಯಾನಿನಂಥ ಕೆಳಗಿನ ಗುಂಯ್ಗುಡುವಿಕೆಯನ್ನು ತಡೆಯುವ ಗುಂಡಿಯೊಂದು ಮಿಕ್ಸರಿನಲ್ಲಿ ಮೊದಲೇ ಇದ್ದಿತು. ಹುಡುಗ ಅದನ್ನು ಗಮನಿಸಿರಲಿಲ್ಲ. ಮೈಕನ್ನು ಅಕ್ಕನ ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ನಿಲ್ಲಿಸಬೇಕೆಂದರು.

ಆದರೆ ಅಕ್ಕ ಬರಬೇಕಲ್ಲ! ಅವಳನ್ನು ಒಲಿಸಿದ್ದು ನಾನೂ ಅಲ್ಲ, ಮಗನೂ ಅಲ್ಲ. ಯಜಮಾನರೇ ಮನೆಗೆ ಬಂದು, “ಅಮ್ಮಾ, ಹಾಡಬೇಡಿ. ಸುಮ್ಮನೆ ಕೂತು, ಅದು ಯಾವ ಸ್ವರದಲ್ಲಿ ಕೂಗುತ್ತೆ ಹೇಳಿ ಸಾಕು. ನನಗೆ ಸಂಗೀತ ತಿಳಿಯದು,” ಎಂದರು. ಆ ಮಾತಿಗೆ ಅವಳು ಎದ್ದಳು.

ಖಾಲಿ ಭವನದಲ್ಲಿ ಅವರು ಹಿಡಿಯನ್ನು ಮೆಲ್ಲಮೆಲ್ಲನೆ ಏರಿಸಿದರು. ಗಾಳಿಯಲ್ಲಿ ಎಳೆಯಂಥ ಮೊರೆತವೊಂದು ಹುಟ್ಟಿತು. ಅಕ್ಕ ಕಣ್ಣು ಮುಚ್ಚಿ ಕೇಳಿ, “ತಾರಸ್ಥಾಯಿ ಗಾಂಧಾರ,” ಎಂದಳು. ಅವಳದು ಐದು ಮನೆ ಶ್ರುತಿ. ಅದರ ತಾರಗಾಂಧಾರವೆಂದರೆ ಸೆಕೆಂಡಿಗೆ ಸುಮಾರು 490 ಕಂಪನಗಳೆಂದು ಅಳಿಯ ಲೆಕ್ಕ ಹಾಕಿದ. ಯಜಮಾನರು ತಮ್ಮ ಈಕ್ವಲೈಸರಿನ 31 ಹಿಡಿಗಳಲ್ಲಿ 500 ಎಂದು ಬರೆದಿದ್ದುದನ್ನು ಒಂದಿಷ್ಟು ಕೆಳಕ್ಕೆ ಎಳೆದರು. ಮೊರೆತ ಅಡಗಿತು. ಹೀಗೆಯೇ ಇನ್ನೆರಡು ಕಡೆ. “ಈಗ ಮೈಕ್ ಟೆಸ್ಟಿಂಗ್ ಒನ್ ಟೂ ಥ್ರೀ ಅನ್ನಲೇ?” ಎಂದ ಹುಡುಗನನ್ನು ಅವರು ತಡೆದು, “ಹಾಡೋ ಮೈಕನ್ನ ಹಾಡಿಯೇ ನೋಡಬೇಕು ಸ್ವಾಮಿ,” ಎಂದು ಅಕ್ಕನತ್ತ ನೋಡಿದರು. ಅವಳಿಗೆ ಅವರ ಉಪಾಯ ತಿಳಿಯಿತು. ನಗುತ್ತಲೇ ತಂಬೂರಿಗೆ ಕೈ ಚಾಚಿದಳು.

ಆ ಸಂಜೆ ಅಕ್ಕ ಮೂರು ದೇವರನಾಮಗಳನ್ನು ಹಾಡಿದಳು. ನಾನು ಕೊನೆಯ ಸಾಲಿನಲ್ಲಿ, ಬಾಗಿಲ ಬಳಿ ನಿಂತಿದ್ದೆ. ಧ್ವನಿ ದೊಡ್ಡದೇನೂ ಆಗಿರಲಿಲ್ಲ. ಅವಳೇ ಎದ್ದು ನನ್ನ ಪಕ್ಕಕ್ಕೆ ಬಂದು ಹಾಡುತ್ತಿರುವಂತಿತ್ತು. ಪಲ್ಲವಿಗೆ ಮರಳುವ ಮುನ್ನ ಉಸಿರನ್ನು ಒಂದು ಕ್ಷಣ ಹಿಡಿಯುವ ಅಭ್ಯಾಸ ನಮ್ಮ ತಾಯಿಗಿತ್ತು. ಅದು ಅಕ್ಕನಲ್ಲಿಯೂ ಇದೆಯೆಂದು ಇಷ್ಟು ವರ್ಷ ಒಂದೇ ಮನೆಯಲ್ಲಿದ್ದ ನನಗೆ ಅಂದೇ ತಿಳಿದದ್ದು. ಅಳಿಯ ಮಿಕ್ಸರಿನ ಮುಂದೆ ಕೈ ಕಟ್ಟಿಕೊಂಡು ಕುಳಿತಿದ್ದ. ಯಾವ ಹಿಡಿಯನ್ನೂ ಮುಟ್ಟಕೂಡದೆಂದು ಯಜಮಾನರ ಅಪ್ಪಣೆಯಾಗಿತ್ತು. ಅವನ ಕಣ್ಣು ತುಂಬಿದ್ದುದು ಮಿಕ್ಸರಿನ ಹಸಿರು ದೀಪದಲ್ಲಿ ನನಗೆ ಕಂಡಿತು.

ಮಂಗಳಾರತಿಯಾಯಿತು. ಪ್ರಸಾದದ ದೊನ್ನೆ ಕೈಗೆ ಬಂದಾಗ ಅಕ್ಕ ಅದನ್ನು ಬಾಯಿಗಿಟ್ಟು, ಏನನ್ನೋ ಹೇಳಹೊರಟವಳು ತಟ್ಟನೆ ನಿಲ್ಲಿಸಿ, ಮೈಕಿನತ್ತ ಬೊಟ್ಟುಮಾಡಿ ಮಗನನ್ನು ಕೇಳಿದಳು:

“ನಿನ್ನ ಭೂತ ಹೋಯಿತೇನೋ?”

“ಹೋಯಿತಮ್ಮ, ಆರಿಸಿದೆ.”

“ಹಾಗಾದರೆ ನಿನ್ನ ಅತ್ತೆಗೆ ಹೇಳು, ಇವತ್ತು ತುಪ್ಪ ಸರಿಯಾಗಿದೆ ಅಂತ.”