ಕಣದ ಬದಿಯ ಡೇರೆಗಳು

ಸಕಲೇಶಪುರಕ್ಕೆ ಹೋದವರು 1792ರಲ್ಲಿ ಟಿಪ್ಪುಸುಲ್ತಾನನು ಕಟ್ಟಿಸಿದ ಮಂಜರಾಬಾದಿನ ನಕ್ಷತ್ರಾಕಾರದ ಕೋಟೆಯನ್ನು ನೋಡದೆ ಬರುವುದಿಲ್ಲ. ನಾವು ಮಾತ್ರ ನೇರವಾಗಿ ಭಾವನವರ ಕಾಫಿತೋಟಕ್ಕೆ ನಡೆದೆವು. ಕೊಯ್ಲು ಮುಗಿದು ಕಣ ಬರಿದಾಗಿತ್ತು. ಅದರ ಬದಿಯ ಹುಲ್ಲಿನಲ್ಲಿ ಮೂರು ಡೇರೆ ಹೂಡಿ, ಅಂತರಜಾಲದ ಮೂಲಕ ಪ್ರವಾಸಿಗರಿಗೆ ಬಾಡಿಗೆಗೆ ಕೊಡಬೇಕೆಂಬುದು ಅವರ ಹಂಬಲ. ಅಕಾಲದ ಮಳೆಗೆ ಹಣ್ಣು ಉದುರಿದ ವರ್ಷವನ್ನು ಅವರಿನ್ನೂ ಮರೆತಿಲ್ಲ.

ಮಾರ್ಚಿಯ ಹೂಮಳೆಯಾಗಿ ವಾರ ಕಳೆದಿತ್ತು. ತೋಟವೆಲ್ಲ ಬೆಳ್ಳಗೆ ಅರಳಿ ಘಮಘಮಿಸುತ್ತಿತ್ತು. ಭಾವನವರು ಆ ಚಿತ್ರವನ್ನೇ ಮೊದಲಿಗೆ ಹಾಕಿ, ನಕ್ಷೆಯಲ್ಲಿ ಸ್ಥಳ ಗುರುತಿಸಿ, “ಪ್ರಶಾಂತ ವಾತಾವರಣ” ಎಂದು ಬರೆದರು. ಆ ಬಿಳುಪಿನ ಆಯುಷ್ಯ ಮೂರು ನಾಲ್ಕು ದಿನ ಮಾತ್ರ! ಜುಲೈಯಲ್ಲಿ ಬಂದವರಿಗೆ ಜಡಿಮಳೆ, ಕಾಲಿಗೆ ಹತ್ತುವ ಇಂಬಳ.

“ಆನೆಯ ವಿಚಾರ ಎಲ್ಲಿ ಬರೆದಿದ್ದೀರಿ?” ಎಂದಳು ಅಕ್ಕ.

2014ರ ಸುಮಾರಿಗೆ ಆಲೂರಿನ ಕಡೆ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಅವು ತೋಟಗಳಿಗೆ ಬರುವುದು ನಿಂತಿಲ್ಲ.

“ಬರೆದರೆ ಯಾರು ಬರುತ್ತಾರೆ?”

“ಬರೆಯದೆ, ಕತ್ತಲಲ್ಲಿ ಮಗುವೊಂದು ಡೇರೆಯಿಂದ ಹೊರಗೆ ಬಂದರೆ?”

ಭಾವನವರು ಬಹಳ ಹೊತ್ತು ಮಾತನಾಡಲಿಲ್ಲ. ರಾತ್ರಿ ಎಲ್ಲರೂ ಕುಳಿತು ಹೊಸದಾಗಿ ಬರೆದೆವು. ಮಳೆಗಾಲದಲ್ಲಿ ಡೇರೆಗಳಿಲ್ಲ, ಆನೆಯ ಸುಳಿವು ದೊರೆತ ರಾತ್ರಿ ಮನೆಯೊಳಗೆ ಮಲಗತಕ್ಕದ್ದು, ಒಪ್ಪದವರಿಗೆ ಮುಂಗಡ ಹಣ ಪೂರ್ತಿ ವಾಪಸು. ಹೂವಿನ ಚಿತ್ರದ ಕೆಳಗೆ, “ಇದು ನಾಲ್ಕು ದಿನದ ನೋಟ” ಎಂದು ಅಕ್ಕನೇ ಸೇರಿಸಿದಳು.

ಏಪ್ರಿಲಿನಲ್ಲಿ ಮೈಸೂರಿನ ಸಂಸಾರವೊಂದು ಬರೆದು ಕೇಳಿತು: “ಮನೆಯೊಳಗೆ ಐವರಿಗೆ ಸ್ಥಳವಿದೆಯೇ?”