ಬಾಯಿಮಾತು ಸಾಕು, ಬರದು ಕೊಡು

ಬೆಂಗಳೂರಾಗ ಬಾಡಿಗಿಗೆ ಇರೋ ತಂಗಿ ಈಗ ಫೋನ್ ಮಾಡಿದ್ಲು. ಕಟ್ಟಡದ ಗೇಟಿನ ಬೀಗ ಕೆಟ್ಟೇತಿ, ಮೆಟ್ಟಲದಾಗ ಲೈಟಿಲ್ಲ, ಮಾಲೀಕರು "ನೋಡೋಣ ತಡಿಯಮ್ಮ" ಅಂತಾರಂತ.

ನಮ್ಮ ಅಬಲೂರಾಗ ಹೊಸಬರು ಓಣಿಗೆ ಬಂದ್ರ ಕಟ್ಟಿ ಮ್ಯಾಲ ಕುಂತವರು "ಯಾರ ಪೈಕಿ?" ಅಂತ ಕೇಳೇ ಕೇಳ್ತಾರ. ಅಲ್ಲಿ ಕೇಳೋರ ಇಲ್ಲ, ಬೀಗನ ಗಟ್ಟಿ ಇರಬೇಕು.

ತಾರೀಖು ಹಾಕಿ ಬರದು ಕೊಡು, ಫೋಟೊ ಹಚ್ಚು, ಉಳಿದ ಮನಿಯವರ ಸಹಿನೂ ಹಾಕಿಸು ಅಂದೆ. ಒಬ್ಬಾಕಿ ಕೇಳೋದಕ್ಕೂ ಎಲ್ಲಾರೂ ಕೇಳೋದಕ್ಕೂ ಭಾಳ ಫರಕೈತಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಕರಾರಿನಾಗ ಬ್ಯಾರೆ ಮಾತು ಇಲ್ಲದಿದ್ರ, ಮಾಲೀಕರು ಮಾಡಿಸಬೇಕಾದ ರಿಪೇರಿ ನೋಟಿಸ್ ಕೊಟ್ಟರೂ ಮಾಡಿಸದಿದ್ರ ಬಾಡಿಗಿದಾರರ ಮಾಡಿಸಿ ಖರ್ಚು ಬಾಡಿಗಿಯಾಗ ಮುರಕೋಬಹುದು. ಅದಕ್ಕ ಕರಾರುಪತ್ರ ಮೊದಲು ಓದು ಅಂದೀನಿ.

ಮಾಲೀಕರ ಕಡಿಂದ ಇಂಥ ಕೆಲಸ ಮಾಡಿಸಿಕೊಂಡವರು ಯಾರರ ಅದೀರೇನು? ಹೆಂಗ ಮಾಡಿಸಿದ್ರಿ, ಹೇಳ್ರಿ.