ಕಪ್ಪು ಒಂದು, ಕಪ್ಪು ಐದು

ಮಿಕ್ಸರ್ ತಿರುಗುವಾಗ ಮಾತ್ರ ಹಾಡುವ ಹೆಂಗಸು ನಾನು. ಶೇಂಗಾ ಹಿಂಡಿ ಪುಡಿಯಾಗುವಷ್ಟು ಹೊತ್ತು ಒಂದು ವಚನದ ಎರಡು ಸಾಲು. ಮಿಕ್ಸರ್ ನಿಂತರೆ ನನ್ನ ಹಾಡೂ ನಿಲ್ಲುತ್ತಿತ್ತು. ಮನೆಯವರು ಇದನ್ನು ಎಷ್ಟೋ ವರ್ಷ ಗಮನಿಸಿರಲಿಲ್ಲ. ಗಮನಿಸಿದವಳು ಮಗಳು. "ಅವ್ವಾ, ನೀ ಯಾಕ ಮಿಕ್ಸರ್ ಜೋಡೀನೇ ಹಾಡ್ತಿ?" ಎಂದು ಒಂದು ದಿನ ಕೇಳಿಯೇಬಿಟ್ಟಳು. "ನನಗ ಕಂಠ ಇಲ್ಲವ್ವ" ಎಂದೆ. ನನ್ನ ಹೆಸರು, ಊರು ಹೇಳಿದಷ್ಟೇ ಸಲೀಸಾಗಿ ಆ ಮಾತು ಬಂತು.

ಕಂಠ ಇಲ್ಲ ಎಂದು ನನಗೆ ಗೊತ್ತಾದದ್ದು ಹದಿನಾಲ್ಕನೆಯ ವಯಸ್ಸಿನಲ್ಲಿ. ನನ್ನ ತವರು ಆಳಂದ ತಾಲ್ಲೂಕಿನ ಒಂದು ಹಳ್ಳಿ. ಶ್ರಾವಣ ಬಂದರೆ ಹನುಮಂತ ದೇವರ ಗುಡಿಯಲ್ಲಿ ರಾತ್ರಿಯೆಲ್ಲ ಭಜನೆ. ಶಾಲೆಯ ಪ್ರಾರ್ಥನೆಯಲ್ಲಿ ನಾನು ಅಕ್ಕಮಹಾದೇವಿಯ ವಚನ ಹಾಡುತ್ತಿದ್ದುದನ್ನು ಯಾರೋ ಹೇಳಿರಬೇಕು. ಮೇಳದವರು ಕರೆದು ನಡುವೆ ಕೂಡಿಸಿದರು. ಎದುರಿಗೆ ಪೇಟಿ, ಬಲಕ್ಕೆ ತಬಲಾ, ಹಿಂದೆ ತಾಳ ಹಿಡಿದ ಹತ್ತು ಜನ. ಅವ್ವ ನನಗೆ ಹೊಸ ಪರಕಾರ ಉಡಿಸಿದ್ದಳು. ಪೇಟಿಯವರು 'ಸಾ' ಕೊಟ್ಟರು. ಹಿಡಿದೆ. ದನಿ ಹೊಟ್ಟೆಯೊಳಗೇ ಉಳಿಯಿತು, ನನಗೇ ಕೇಳಿಸಲಿಲ್ಲ. "ಜರಾ ಜೋರು" ಎಂದರು. ಮೇಲಿನ 'ಸಾ' ಹಿಡಿದೆ. ಮೂರನೆಯ ಸಾಲು ಏರುವ ಹೊತ್ತಿಗೆ ದನಿ ಒಡೆದು ಕಿರುಚಿದಂತಾಯಿತು. ಹುಡುಗರು ನಕ್ಕರು. ಹಿರಿಯರೊಬ್ಬರು ತಲೆ ಸವರಿ, "ಇರಲಿ ಕೂಡವ್ವ, ಎಲ್ಲರಿಗೂ ಕಂಠ ಇರೂದಿಲ್ಲ" ಎಂದರು. ಅವರು ಬೈಯಲಿಲ್ಲ, ಅದೇ ಕಷ್ಟವಾದದ್ದು. ಬೈದಿದ್ದರೆ ಸಿಟ್ಟು ಮಾಡಿಕೊಂಡು ಮರೆಯಬಹುದಿತ್ತು. ಪ್ರೀತಿಯಿಂದ ಹೇಳಿದ್ದನ್ನು ನಂಬಿಬಿಟ್ಟೆ.

ಆ ಭಜನಾ ಮೇಳಗಳನ್ನು ನಾನು ಹಗುರಾಗಿ ಮಾತಾಡುತ್ತಿಲ್ಲ. ನಮ್ಮ ಸೀಮೆಯ ಸಂಗೀತ ಉಳಿದದ್ದೇ ಅವುಗಳಲ್ಲಿ. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಹತ್ತಿರ ಭೀಮೆಯನ್ನು ಕೂಡುತ್ತದೆ. ಆ ಭೀಮೆ ಮುಂದೆ ನಾನು ಸೊಸೆಯಾಗಿ ಬಂದ ಜೇವರ್ಗಿ ಸೀಮೆಗೆ ಬರುತ್ತದೆ. ಈ ನೀರಿನ ಗುಂಟ ನಡೆದರೆ ಹಾಡೂ ಬದಲಾಗುತ್ತ ಹೋಗುತ್ತದೆ. ಮೇಲೆ ಮಹಾರಾಷ್ಟ್ರದ ಗಡಿಯಲ್ಲಿ ಮರಾಠಿ ಅಭಂಗ, ಗಾಣಗಾಪುರದಲ್ಲಿ ದತ್ತನ ಪದ, ಕೆಳಗೆ ಬಂದಂತೆ ವಚನ, ತತ್ವಪದ. ತತ್ವಪದ ಎಂದರೆ ನಮಗೆ ಕಡಕೋಳ ಮಡಿವಾಳಪ್ಪನವರು. ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದ ಕಡಕೋಳ ಈಗ ಯಡ್ರಾಮಿಗೆ ಸೇರಿದೆ. ಅವರ ಶಿಷ್ಯರಲ್ಲಿ ಚೆನ್ನೂರು ಜಲಾಲಸಾಹೇಬರೂ ಒಬ್ಬರು. ಗುರು ಯಾರು, ಶಿಷ್ಯ ಯಾರು, ಜಾತಿ ಯಾವುದು ಎಂದು ಕೇಳದೆ ಎಲ್ಲರ ಪದಗಳನ್ನೂ ಮೇಳಗಳು ಇವತ್ತಿಗೂ ಹಾಡುತ್ತವೆ. ಹಗಲು ತೊಗರಿ ಹೊಲದಲ್ಲಿದ್ದವರು, ಅರಿವೆ ಹೊಲಿಯುವವರು, ಕಿರಾಣಿ ಅಂಗಡಿಯವರು ರಾತ್ರಿ ಕೈಕಾಲು ತೊಳೆದು ಬಂದು ಕೂಡುತ್ತಾರೆ. ಯಾರಿಗೂ ಪಗಾರವಿಲ್ಲ. ಆದರೆ ಎಲ್ಲರೂ ಗಂಡಸರು.

ಶಾಸ್ತ್ರೀಯ ಸಂಗೀತ ನಮ್ಮ ಹಳ್ಳಿಗಳಿಗೆ ಬಂದದ್ದು ಬಹಳಮಟ್ಟಿಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಿಂದ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು (1892-1944), ಅವರ ನಂತರ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು (1914-2010) ಬಡವರ ಮಕ್ಕಳನ್ನು, ಕುರುಡು ಮಕ್ಕಳನ್ನು ಇಟ್ಟುಕೊಂಡು ಅನ್ನ ಹಾಕಿ ಸಂಗೀತ ಕಲಿಸಿದರು. ಅಲ್ಲಿ ಕಲಿತವರು ಶ್ರಾವಣದ ಪುರಾಣಕ್ಕೆಂದು ಮಠಗಳಿಗೆ ಬರುತ್ತಾರೆ. ಸ್ವಾಮಿಗಳ ಪ್ರವಚನದ ನಡುವೆ ಎಳೆಯ ಗವಾಯಿ ಭೀಮಪಲಾಸವನ್ನೋ ಯಮನ್ ರಾಗವನ್ನೋ ಹಾಡಿದರೆ, ರಾಗದ ಹೆಸರು ತಿಳಿಯದ ಮುದುಕಿಯರೂ ಕಣ್ಣೊರೆಸಿಕೊಳ್ಳುತ್ತಾರೆ.

ಅಂಥ ಒಬ್ಬ ಗವಾಯಿಗಳ ಹತ್ತಿರವೇ ಮಗಳನ್ನು ಪಾಠಕ್ಕೆ ಹಾಕಿದೆವು. ಪ್ರತಿ ರವಿವಾರ ಕಟ್ಟಿಸಂಗಾವಿಯ ಹತ್ತಿರ ಭೀಮೆಯ ಸೇತುವೆ ದಾಟಿ ಕಲಬುರಗಿಗೆ ಬಸ್ಸು. ಮೊದಲ ದಿನ ಅವರು ಹಾಡು ಕಲಿಸಲಿಲ್ಲ. ಪೇಟಿಯ ಮನೆಗಳನ್ನು ಒಂದೊಂದಾಗಿ ಒತ್ತುತ್ತ "ಇದಕ್ಕ 'ಆ' ಅನ್ನು, ಇದಕ್ಕ ಅನ್ನು" ಎನ್ನುತ್ತಿದ್ದರು. ಎರಡನೆಯ ವಾರವೂ ಅದೇ. ಹೊರಗೆ ಕುಳಿತ ನನಗೆ ಬಸ್ಸಿನ ರೊಕ್ಕದ ಚಿಂತೆ. ಮೂರನೆಯ ವಾರ ಹೇಳಿದರು: "ಈಕಿದು ಕಪ್ಪು ಐದು. ಇನ್ನ ಹಾಡು ಸುರು ಮಾಡೋಣು."

ಪೇಟಿಯಲ್ಲಿ ಕಪ್ಪು ಮನೆಗಳು ಐದು, ಬಿಳಿ ಮನೆಗಳು ಏಳು. ಯಾವ ಮನೆಯನ್ನು 'ಸಾ' ಎಂದು ಹಿಡಿಯುತ್ತೇವೋ ಅದೇ ನಮ್ಮ ಪಟ್ಟಿ. ಗಂಡಸರು ಸಾಮಾನ್ಯವಾಗಿ ಕಪ್ಪು ಒಂದರ ಸುತ್ತಮುತ್ತ ಹಾಡುತ್ತಾರೆ. ಹೆಣ್ಣುಮಕ್ಕಳಿಗೆ ಕಪ್ಪು ನಾಲ್ಕು, ಐದು, ಇಲ್ಲವೆ ಅದರ ಆಸುಪಾಸು. ಇಷ್ಟನ್ನು ಅವರು ಚಹಾ ಕುಡಿಯುತ್ತ ಸಹಜವಾಗಿ ಹೇಳಿದರು. ನನ್ನ ಕೈಯಲ್ಲಿ ಕಪ್ಪು ಹಾಗೇ ಉಳಿಯಿತು. ಭಜನಾ ಮೇಳದ ಪೇಟಿ ಯಾವಾಗಲೂ ಕಪ್ಪು ಒಂದು. ಆ ರಾತ್ರಿ ನನ್ನನ್ನು ಕೂಡಿಸಿದ್ದೂ ಅಲ್ಲಿಯೇ. ಹತ್ತು ಜನ ಗಂಡಸರ ಅಳತೆಗೆ ಹೊಲಿದ ಅಂಗಿ ನನಗೆ ತೊಡಿಸಿ, ನಿನ್ನ ಮೈಯೇ ಸರಿ ಇಲ್ಲ ಎಂದಿದ್ದರು.

ಇದೆಲ್ಲ ಗೊತ್ತಾದ ಮೇಲೂ ನಾನು ಏನು ಮಾಡಿದೆ, ಕೇಳಿ.

ಮಗಳಿಗೆ ಹದಿನಾರು ತುಂಬಿದ ವರ್ಷ ನಮ್ಮೂರ ಜಾತ್ರೆಯಲ್ಲಿ ಹಾಡಲು ಕರೆ ಬಂತು. ಮೊದಲು ಅಕ್ಕನ ವಚನ ಒಂದು, ಆಮೇಲೆ ಮಡಿವಾಳಪ್ಪನವರ ಪದ. ಸಾಥಿಗೆ ಊರ ಮೇಳ. ಪೇಟಿಗೆ ನಿವೃತ್ತ ಶಾಲಾ ಮಾಸ್ತರರು, ತಬಲಾಕ್ಕೆ ನಮ್ಮ ಕುಪ್ಪಸ ಹೊಲಿಯುವ ದರ್ಜಿ ಕಾಕಾ. ಮೊದಲ ತಾಲೀಮಿನಲ್ಲೇ ಮಗಳು "ಮುತ್ಯಾ, ನನಗ ಕಪ್ಪು ಐದು ಬೇಕ್ರಿ" ಎಂದಳು. ಪೇಟಿ ನಿಂತಿತು. "ನಮ್ಮದು ಕಪ್ಪು ಒಂದವ್ವ. ಹಿಂದಿನಿಂದ ನಡಕೊಂತ ಬಂದದ್ದು" ಎಂದರು ಮಾಸ್ತರರು. ದರ್ಜಿ ಕಾಕಾ ತಬಲಾ ತೋರಿಸಿದರು. ಗಟ್ಟಾಕ್ಕೆ ಸುತ್ತಿಗೆಯಿಂದ ಹೊಡೆದು ಒಂದೆರಡು ಸ್ವರದಷ್ಟು ಏರಿಸಬಹುದು, ಇಳಿಸಬಹುದು, ಅದಕ್ಕಿಂತ ದೂರ ಹೋಗಬೇಕೆಂದರೆ ಬೇರೆ ಅಳತೆಯ ಬಾಯಿಯ ತಬಲಾ ಬೇಕು. ಮಾಸ್ತರರ ಕಷ್ಟವೂ ಸುಳ್ಳಲ್ಲ. ಮೂವತ್ತು ವರ್ಷ ಕಪ್ಪು ಒಂದರ ಮೇಲೆ ಓಡಿದ ಬೆರಳು ಕಪ್ಪು ಐದಕ್ಕೆ ಬಂದರೆ ಪ್ರತಿ ಸ್ವರಕ್ಕೂ ತಡವರಿಸುತ್ತದೆ. "ಗಂಗೂಬಾಯಿ ಹಾನಗಲ್ಲರು ಗಂಡಸರಂಗ ಹಾಡಲಿಲ್ಲೇನು?" ಎಂದು ಯಾರೋ ಕೇಳಿದರು. ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಬಾಯಿಗೆ ಬಂದ ಮಾತು, "ಹೋಗಲಿ ಬಿಡವ್ವ, ಒಂದು ರಾತ್ರಿ ಮಾತು. ನೀನs ಜರಾ ಹೊಂದಿಸ್ಕೊ."

ಮಗಳು ನನ್ನನ್ನು ನೋಡಿದ ನೋಟ ನನಗೆ ಈಗಲೂ ನೆನಪಿದೆ. ಅವಳು ವಾದ ಮಾಡಲಿಲ್ಲ. ಮನೆಗೆ ಬಂದು "ಅವ್ವಾ, ನಾಳೆಯಿಂದ ನಾನೂ ಮಿಕ್ಸರ್ ಜೋಡಿ ಹಾಡ್ತೀನಿ" ಎಂದಳು ಅಷ್ಟೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಹೊಂದಿಸಿಕೋ ಎನ್ನುವುದು ನಮ್ಮ ಬಾಯಿಗೆ ಎಷ್ಟು ಬೇಗ ಬರುತ್ತದೆ ನೋಡಿ! ಗಂಡುಮಗನಿಗೆ ಈ ಮಾತು ಹೇಳುವ ಮೊದಲು ಹತ್ತು ಸಲ ಯೋಚಿಸುತ್ತೇವೆ.

ಮರುವಾರ ಅಮೆರಿಕದಲ್ಲಿರುವ ತಂಗಿ ಫೋನಿಗೆ ಒಂದು ವಿಡಿಯೋ ಕಳಿಸಿದಳು. ಅವಳ ಮಗ ಪಿಯಾನೊ ಕಲಿಯುತ್ತಾನೆ. ಅಲ್ಲಿ ಊರೂರಿಗೆ ಹವ್ಯಾಸಿಗಳ ವಾದ್ಯವೃಂದ ಇರುತ್ತದಂತೆ. ಡಾಕ್ಟರು, ಮಾಸ್ತರರು, ಅಂಗಡಿಯವರು ಸೇರಿ ನುಡಿಸುವುದು, ನಮ್ಮ ಮೇಳದ ಹಾಗೇ. ಎಳೆಯ ಕಲಾವಿದರನ್ನು ಆರಿಸಿ, ಅವರನ್ನು ಮುಂದೆ ಕೂಡಿಸಿ, ಇಡೀ ಊರ ವೃಂದ ಹಿಂದೆ ನಿಂತು ಸಾಥ್ ಕೊಡುತ್ತದೆ. ಆ ಬಗೆಯ ಕೃತಿಗೆ ಕಾನ್ಚೆರ್ಟೊ ಎನ್ನುತ್ತಾರೆ. ನಮಗೂ ಅದು ಪೂರ್ತಿ ಹೊರಗಿನದಲ್ಲ. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ಮೆಡ್ಟ್ನರ್ ಎಂಬ ಸಂಗೀತಗಾರನ ಕೃತಿಗಳನ್ನು ಧ್ವನಿಮುದ್ರಿಸಲು 1940ರ ದಶಕದಲ್ಲಿ ಹಣ ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರು. ಆತ ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಮಹಾರಾಜರಿಗೇ ಅರ್ಪಿಸಿದ.

ವಿಡಿಯೋ ಸುರುವಾದಾಗ ಹುಡುಗ ಪಿಯಾನೊದ ಒಂದು ಮನೆ ಒತ್ತಿದ. ಐವತ್ತು ಜನ ತಮ್ಮ ತಮ್ಮ ಪಿಟೀಲಿನ ಕಿವಿ ತಿರುವಿ, ಕೊಳಲೂದಿ ಆ ಸ್ವರಕ್ಕೆ ಕೂಡಿದರು. ತಂಗಿಗೆ ಫೋನ್ ಮಾಡಿ ಕೇಳಿದೆ: "ಇದೇನವಾ, ಹುಡುಗ ಕೊಟ್ಟ ಶ್ರುತಿಗೆ ಹಿರೇರೆಲ್ಲಾ ಕೂಡಿಸ್ಕೊಂತಾರಲ್ಲ?" ಅವಳು ಮಗನನ್ನು ಕೇಳಿ ಹೇಳಿದಳು. ಬೇರೆ ದಿನ ಓಬೋ ಎಂಬ ಊದುವ ವಾದ್ಯದವರು ಸ್ವರ ಕೊಡುತ್ತಾರೆ. ಪಿಯಾನೊ ಇದ್ದ ದಿನ ಪಿಯಾನೊದ್ದೇ. ಏಕೆಂದರೆ ಪಿಯಾನೊವನ್ನು ವೇದಿಕೆಯ ಮೇಲೆ ಆ ಗಳಿಗೆಯಲ್ಲಿ ಏರಿಸಲು ಇಳಿಸಲು ಬರುವುದಿಲ್ಲ, ಉಳಿದ ವಾದ್ಯಗಳಿಗೆ ಬರುತ್ತದೆ. ಬದಲಾಗಲು ಬಾರದವರು ಸ್ವರ ಕೊಡಬೇಕು, ಬದಲಾಗಬಲ್ಲವರು ಕೂಡಿಕೊಳ್ಳಬೇಕು. ಅದರಲ್ಲಿ ಹಿರಿಯ ಕಿರಿಯ ಎಂಬ ಮಾತಿಲ್ಲ.

ಸಂಜೆ ಫೋನು ಹಿಡಿದುಕೊಂಡು ಮಾಸ್ತರರ ಮನೆಗೆ ಹೋದೆ. ಅವರ ಮನೆಯವರು ಚಹಾ ಇಟ್ಟರು. ವಿಡಿಯೋ ತೋರಿಸಿ, "ಮಾಸ್ತರರೇ, ಹುಡುಗಿ ಕಂಠ ದೇವರು ಕೊಟ್ಟದ್ದು, ಬದಲಾಗೂದಿಲ್ಲ. ತಬಲಾ ಬದಲಾಗತದ, ಪೇಟಿ ಮ್ಯಾಲಿನ ಬೆರಳು ಬದಲಾಗತದ" ಎಂದೆ. ಗಂಗೂಬಾಯಿಯವರ (1913-2009) ಮಾತನ್ನೂ ಹೇಳಿದೆ. ಎಳವೆಯಲ್ಲಿ ಅವರ ದನಿ ತೆಳ್ಳಗೇ ಇತ್ತು. ಗಂಟಲಿನ ತೊಂದರೆ, ಚಿಕಿತ್ಸೆ ಆದ ಮೇಲೆ ಅದು ಭಾರವಾಯಿತು. ಅವರು ಗಂಡಸರ ಪಟ್ಟಿಗೆ ಹೊಂದಿಸಿಕೊಂಡು ಹಾಡಿದ್ದಲ್ಲ, ತಮಗೆ ಬಂದ ದನಿಯಲ್ಲಿ ಹಾಡಿದರು. ಕೊನೆಗೆ, ಯಾಕೋ ಗೊತ್ತಿಲ್ಲ, ಹದಿನಾಲ್ಕನೆಯ ವಯಸ್ಸಿನ ನನ್ನ ಶ್ರಾವಣದ ರಾತ್ರಿಯನ್ನೂ ಹೇಳಿಬಿಟ್ಟೆ. ಗಂಡನಿಗೂ ಹೇಳದ ಮಾತು ಅದು. ಮಾಸ್ತರರು ಸುಮ್ಮನೆ ಕುಳಿತರು. ಒಳಗಿನಿಂದ ಅವರ ಮನೆಯವರು, "ನಾನೂ ಮದ್ವಿಗಿಂತ ಮೊದಲ ಹಾಡ್ತಿದ್ದೆನ್ರಿ" ಎಂದರು. ಮಾಸ್ತರರು ತಿರುಗಿ ಒಳಗೆ ನೋಡಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರಿಗೂ ಅದು ಗೊತ್ತಿರಲಿಲ್ಲವೋ ಏನೋ.

ಮರುದಿನದಿಂದ ಅವರ ಮನೆಯಲ್ಲಿ ಬೆಳಗಾಗುವ ಮೊದಲೇ ಪೇಟಿ ಕೇಳಿಸತೊಡಗಿತು. ತಪ್ಪು, ಮತ್ತೆ ತಪ್ಪು, ಮತ್ತೆ ಮೊದಲಿನಿಂದ. ದರ್ಜಿ ಕಾಕಾ ಗಾಣಗಾಪುರದ ಹತ್ತಿರದ ಹಳ್ಳಿಯಿಂದ, ಗುರುತಿನ ತಬಲಜಿಯೊಬ್ಬರ ತಬಲಾವನ್ನು ಕೈಗಡ ತಂದರು. ಮಗುವನ್ನು ತಂದಂತೆ ಶಾಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರಂತೆ.

ಜಾತ್ರೆಯ ರಾತ್ರಿ ಮಗಳು ಅಕ್ಕನ ವಚನ ಎತ್ತಿಕೊಂಡಳು. ವಿಲಂಬಿತವಾಗಿ ಒಂದೊಂದೇ ಸ್ವರ ಬಿಡಿಸುತ್ತ ಹೋದಳು. ಮಾಸ್ತರರ ಬೆರಳು ಎರಡು ಕಡೆ ತಪ್ಪಿತು. ಅವಳು ನಕ್ಕು, ಅವರು ಕೂಡುವ ತನಕ ಅದೇ ಸ್ವರದ ಮೇಲೆ ನಿಂತಳು. ನನಗೆ ಅವಳ ತಾನಗಳಿಗಿಂತ ಆ ನಿಂತದ್ದು ಹೆಚ್ಚು ಹಿಡಿಸಿತು. ಇಷ್ಟು ದಿನ ಅವರು ಅವಳಿಗಾಗಿ ತಿಣುಕಿದ್ದನ್ನು ಅವಳು ಮರೆತಿರಲಿಲ್ಲ.

ಆಮೇಲೆ ಮಡಿವಾಳಪ್ಪನವರ ಪದ. ತತ್ವಪದದಲ್ಲಿ ಮುಂದಿನವರು ಹಾಡಿದ ಸಾಲನ್ನು ಹಿಂದಿನವರು ತಿರುಗಿ ಹಾಡಬೇಕು. ಮಗಳು ಪಲ್ಲವಿ ಬಿಟ್ಟುಕೊಟ್ಟಳು, ತಾಳದವರು ಹಿಡಿದರು. ಕೆಳಗೆ ಹಿಡಿದವರ ದನಿ ನೆಲಕ್ಕಿಳಿದು ಕೇಳದಂತಾಯಿತು. ಮೇಲೆ ಹಿಡಿದವರ ದನಿ ನಡುವೆಯೇ ಒಡೆಯಿತು. ಹುಡುಗರು ನಕ್ಕರು. ದಪ್ಪ ಮೀಸೆಯ ಗೌಡರೊಬ್ಬರು ಬೆವರೊರೆಸಿಕೊಂಡು, "ಯವ್ವಾ, ಭಾಳ ಬಿರುಸದ ನಿನ್ನ ಪಟ್ಟಿ!" ಎಂದರು. ನನಗೆ ನಗು ಬರಲಿಲ್ಲ. ಆ ಒಡೆದ ದನಿಯ ನಾಚಿಕೆ ನನಗೆ ಗೊತ್ತಿತ್ತು.

ಹಾಡು ನಿಲ್ಲುವ ಹಾಗಾಯಿತು. ಅಷ್ಟರಲ್ಲಿ ಹೆಣ್ಣುಮಕ್ಕಳು ಕುಳಿತ ಕಡೆಯಿಂದ ಪಲ್ಲವಿ ಎದ್ದುಬಂತು. ಮೊದಲು ಒಬ್ಬರೇ. ಮಾಸ್ತರರ ಮನೆಯವರು! ಸೆರಗು ಬಾಯಿಗೆ ಹಿಡಿದುಕೊಂಡೇ ಹಾಡುತ್ತಿದ್ದರು. ಆಮೇಲೆ ಅವರ ಪಕ್ಕದವರು, ಹಿಂದಿನವರು. ಜನುಮವಿಡೀ ಕೇಳಿ ಕೇಳಿ ಎಲ್ಲರಿಗೂ ಬಾಯಿಪಾಠ ಇದ್ದ ಪದ ಅದು. ಹಾಡಲು ಯಾರೂ ಕರೆದಿರಲಿಲ್ಲ, ಕರೆದರೂ ಆ ಕಪ್ಪು ಒಂದರಲ್ಲಿ ದನಿ ಕೂಡುತ್ತಿರಲಿಲ್ಲ. ಈಗ ಯಾವ ತ್ರಾಸೂ ಇಲ್ಲದೆ, ಹಗ್ಗ ಬಿಟ್ಟರೆ ಕೊಡ ನೀರು ಮುಟ್ಟಿದ ಹಾಗೆ, ನೂರಾರು ಹೆಂಗಸರ ದನಿ ಅದೇ ಪಟ್ಟಿಗೆ ಹೋಗಿ ಮುಟ್ಟಿತು. ಮಗಳು ತಿರುಗಿ ನೋಡಿದಳು. ತಾಳದ ಗಂಡಸರು ಹಾಡುವುದನ್ನು ಬಿಟ್ಟು ತಾಳವನ್ನಷ್ಟೇ ಬಾರಿಸಿದರು. ಚೆನ್ನಾಗಿಯೇ ಬಾರಿಸಿದರು.

ನಾನು ಹಾಡಿದೆನೇ ಎಂದು ಕೇಳುತ್ತೀರಿ. ತುಟಿ ಅಲುಗಿತು, ದನಿ ಬರಲಿಲ್ಲ. ನಲವತ್ತು ವರ್ಷದ ಕೀಲಿ ಒಂದು ರಾತ್ರಿಗೆ ತೆರೆಯುವುದಿಲ್ಲ.

ತೆರೆದದ್ದು ಒಂದು ವಾರದ ಮೇಲೆ. ಮಗಳು ಅಡಿಗೆಮನೆಗೆ ಪೇಟಿ ತಂದಿಟ್ಟುಕೊಂಡು, "ಬಾ ಅವ್ವಾ, ಕೂಡು. ಇದಕ್ಕ 'ಆ' ಅನ್ನು" ಎಂದಳು. ಕಪ್ಪು ಐದು ಹತ್ತಲಿಲ್ಲ. ಕಪ್ಪು ನಾಲ್ಕೂ ಬಿಗಿಯಾಯಿತು. ವಯಸ್ಸಾದಂತೆ ದನಿ ಇಳಿಯುತ್ತದಂತೆ. ಬಿಳಿ ಐದರಲ್ಲಿ ಅದು ಬಂದು ಕುಳಿತುಕೊಂಡಿತು. ಒರಟಾಗಿತ್ತು, ನಡುಗುತ್ತಿತ್ತು, ಆದರೆ ನನಗೇ ಕೇಳಿಸುವಷ್ಟಿತ್ತು. ಶಾಲೆಯ ಪ್ರಾರ್ಥನೆಯಲ್ಲಿ ಹಾಡುತ್ತಿದ್ದ ವಚನವನ್ನು ಮೂರನೆಯ ಸಾಲಿನ ತನಕ ಹೇಳಿದೆ. ನಾಲ್ಕನೆಯದು ಮರೆತುಹೋಗಿತ್ತು.

ಬಾಗಿಲಲ್ಲಿ ಪಕ್ಕದ ಮನೆಯವರು ಹೆಪ್ಪಿಗೆಂದು ಬಟ್ಟಲು ಹಿಡಿದು ನಿಂತಿದ್ದರು. "ಯಾರ್ರೀ ಹಾಡಿದವರು?" ಎಂದು ಕೇಳಿದರು. ಮಗಳು ನನ್ನ ಮುಖ ನೋಡಿದಳು. "ನಾನೇ ರೀ" ಎಂದೆ.